ಸವೆಯದ ಪ್ರತಿ

ಗುರು ಶಿಷ್ಯನಿಗೆ ಒಂದು ಹಾಡನ್ನು ಕಲಿಸುತ್ತಾನೆ. ಪಾಠ ಮುಗಿದ ಮೇಲೆ ಹಾಡು ಶಿಷ್ಯನಲ್ಲಿಯೂ ಇರುತ್ತದೆ, ಗುರುವಿನಲ್ಲಿಯೂ ಇರುತ್ತದೆ. ಕೊಟ್ಟವನಿಗೆ ಏನೂ ಕಡಮೆಯಾಗಲಿಲ್ಲ. ಅಕ್ಕಿಯ ವಿಷಯದಲ್ಲಾಗಲಿ ಬಟ್ಟೆಯ ವಿಷಯದಲ್ಲಾಗಲಿ ಹೀಗೆ ನಡೆಯುವುದಿಲ್ಲ. ವಿದ್ಯೆಗಿರುವ ಈ ಗುಣವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆದರೆ ಹಾಡು ಬಾಯಿಂದ ಬಾಯಿಗೆ ಹೋಗಬೇಕಾದರೆ ವರ್ಷಗಟ್ಟಲೆ ಸಾಧನೆ ಬೇಕಾಗಿತ್ತು. ಇಂದು ಆ ಶ್ರಮ ಬೇಡ. ಕೈಯಲ್ಲಿರುವ ಫೋನಿನ ಮೇಲೆ ಬೆರಳಿಟ್ಟರೆ ಹಾಡಿನ ಪ್ರತಿ ಕ್ಷಣಮಾತ್ರದಲ್ಲಿ ಕಡಲಾಚೆಗೆ ಹೋಗುತ್ತದೆ. ಕಳುಹಿಸಿದವನಿಗೆ ಸರಿಗಮ ಬರಬೇಕಾಗಿಲ್ಲ. ಹಾಡಿದವರಿಗೆ ಸುದ್ದಿ ತಿಳಿಯಬೇಕಾಗಿಯೂ ಇಲ್ಲ. ತೊಡಕು ಹುಟ್ಟುವುದು ಇಲ್ಲಿಯೇ. ಈ ಪ್ರತಿ ಎಂಬುದು ಎಂತಹ ವಸ್ತು? ಕಳವಿಗೂ ದಾನಕ್ಕೂ ಅದು ಒಂದೇ ಸಮನಾಗಿ ಒದಗುವುದೇಕೆ? ತಾವೇ ಮನೆಯಲ್ಲಿ ಹಾಡಿ, ನುಡಿಸಿ, ಮುದ್ರಿಸಿದ ಸಂಗೀತವನ್ನು ಧಾರಾಳವಾಗಿ ಹಂಚಬೇಕೆನ್ನುವ ವಿದ್ಯಾರ್ಥಿಗಳು ತಿಳಿದಿರಬೇಕಾದುದೇನು? ಇವನ್ನು ಈಗ ವಿಚಾರಿಸೋಣ.

ಮಗ್ಗಿಯ ಪುಸ್ತಕದಂತೆ

ಥಾಮಸ್ ಆಲ್ವ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದಾಗ, ಆಡಿದ ಮಾತನ್ನು ಮತ್ತೆ ಕೇಳುವುದು ಮೊಟ್ಟಮೊದಲು ಸಾಧ್ಯವಾಯಿತು. ತೆಳುವಾದ ತವರದ ಹಾಳೆಯ ಮೇಲೆ ಸೂಜಿ ಒತ್ತಿದ ಗೆರೆಯೇ ಅಲ್ಲಿ ಧ್ವನಿ. ನುಡಿಸಿದಷ್ಟೂ ಗೆರೆ ಸವೆಯುತ್ತಿತ್ತು. ಮುಂದೆ ಬಂದ ಗ್ರಾಮೊಫೋನ್ ತಟ್ಟೆಗಳ ಪಾಡೂ ಹೆಚ್ಚುಕಡಮೆ ಅದೇ. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಪ್ರತಿ ಮಾಡುವ ಕೆಲಸ ಕಾರ್ಖಾನೆಯಿಂದ ಮನೆಯ ಪಡಸಾಲೆಗೆ ಬಂದಿತು. ಆದರೆ ಟೇಪಿಗೆ ತನ್ನದೇ ಆದ ಸುಯ್ಯೆನ್ನುವ ಸದ್ದು ಉಂಟು. ಒಂದು ಟೇಪಿನಿಂದ ಇನ್ನೊಂದಕ್ಕೆ ಹಾಡನ್ನು ಇಳಿಸಿದಾಗ ಹಳೆಯ ಟೇಪಿನ ಸದ್ದಿನ ಮೇಲೆ ಹೊಸ ಟೇಪಿನ ಸದ್ದು ಕೂಡಿಕೊಂಡು ಅದರ ಶಕ್ತಿ ಇಮ್ಮಡಿಯಾಗುತ್ತದೆ. ಎಂದರೆ ಮೂರು ಡೆಸಿಬೆಲ್ ಏರುತ್ತದೆ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ತಂಬೂರಿಯ ನಾದ ಸದ್ದಿನಲ್ಲಿ ಹೂತುಹೋಗುತ್ತಿತ್ತು. ಈ ಸವೆತವೇ ಅಂದಿನ ಕಾವಲುಗಾರ. ಆದರೂ 1981ರಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ಉದ್ಯಮದವರು, ಮನೆಯಲ್ಲಿ ಟೇಪು ಮಾಡುವುದರಿಂದ ಸಂಗೀತವೇ ಸತ್ತುಹೋಗುವುದೆಂದು ದೊಡ್ಡ ಪ್ರಚಾರ ನಡೆಸಿದರು. ಸಂಗೀತವೇನೂ ಸಾಯಲಿಲ್ಲ.

ಕಾವಲುಗಾರ ಕೆಲಸ ಬಿಟ್ಟುದು ಮರುವರ್ಷ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯ ಗೆರೆ ಇರಲಿಲ್ಲ, ಅಂಕಿಗಳಿದ್ದುವು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲುದು. ಒಂದು ಅಲೆಯನ್ನು ಅಂಕಿಗಳಿಂದ ಪೂರ್ಣವಾಗಿ ಹಿಡಿದಿಡಬೇಕಾದರೆ, ಅದರ ಅತಿ ಹೆಚ್ಚಿನ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅದನ್ನು ಅಳೆಯಬೇಕೆಂಬುದು ಗಣಿತದಿಂದ ಸಿದ್ಧವಾದ ವಿಷಯ. ಆದುದರಿಂದ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆಯುತ್ತಾರೆ. ಪ್ರತಿಯೊಂದು ಅಳತೆಗೂ 16 ಬಿಟ್‌ಗಳು. ಎಂದರೆ 65,536 ಮೆಟ್ಟಿಲುಗಳಲ್ಲಿ ಯಾವುದಾದರೊಂದು. ಎಡಗಿವಿಗೊಂದು ಬಲಗಿವಿಗೊಂದು ಎಂದು ಎಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ.

ಅಂಕಿಗೂ ಗೆರೆಗೂ ಇರುವ ಭೇದವನ್ನು ಹೀಗೆ ತಿಳಿಯಬಹುದು. ಒಂದು ಮುಖದ ಚಿತ್ರವನ್ನು ಒಬ್ಬ ನೋಡಿ ಬರೆಯಲಿ. ಅವನ ಚಿತ್ರವನ್ನು ನೋಡಿ ಇನ್ನೊಬ್ಬ ಬರೆಯಲಿ. ಹತ್ತನೆಯವನ ಹಾಳೆಯಲ್ಲಿ ಮೂಗು ಎಲ್ಲಿಯೋ ಕಣ್ಣು ಎಲ್ಲಿಯೋ ಹೋಗಿರುತ್ತದೆ. ಆದರೆ ಮಗ್ಗಿಯ ಪುಸ್ತಕವನ್ನು ನೂರು ಹುಡುಗರು ಒಬ್ಬರಿಂದೊಬ್ಬರು ಬರೆದುಕೊಂಡರೂ ಏಳೇಳಲೆ ನಲವತ್ತೊಂಬತ್ತೇ. ಅಕ್ಷರ ಸೊಟ್ಟಗಿದ್ದರೂ ಅಂಕಿ ಅಂಕಿಯೇ. ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಬರೆದ ಹಾಡಿನ ಪ್ರತಿಯೂ ಹಾಗೆಯೇ ಸವೆಯುವುದಿಲ್ಲ. ನಡುವೆ ಒಂದೆರಡು ಗುರುತು ಅಳಿಸಿಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ತುಂಬಿಸಿಕೊಳ್ಳುವ ಉಪಾಯವನ್ನು ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿಯೇ ಪ್ರಕಟಿಸಿದ್ದರು; ಡಿಸ್ಕಿನಲ್ಲಿ ಕೆಲಸ ಮಾಡುವುದು ಅದೇ.

ಇನ್ನು ಉಳಿದ ಅಡ್ಡಿ ಗಾತ್ರದ್ದು. ನಾಲ್ಕು ನಿಮಿಷದ ಹಾಡು ಡಿಸ್ಕಿನ ಲೆಕ್ಕದಲ್ಲಿ ಸುಮಾರು 42 ಮೆಗಾಬೈಟ್. ಜರ್ಮನಿಯ ಎರ್ಲಾಂಗನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಮೊದಲಾದವರು ಈ ಅಡ್ಡಿಯನ್ನು ನಿವಾರಿಸಲು ಕಿವಿಯ ಒಂದು ದೌರ್ಬಲ್ಯವನ್ನು ಹಿಡಿದರು. ಮದುವೆಯ ಮನೆಯಲ್ಲಿ ಡೋಲು ಮೊಳಗುತ್ತಿರುವಾಗ ಪಕ್ಕದವರ ಪಿಸುಮಾತು ಕೇಳದು. ಗಾಳಿಯಲ್ಲಿ ಆ ಪಿಸುಮಾತು ಇದ್ದೇ ಇದೆ, ಕಿವಿಗೆ ಇಲ್ಲ. ಹೀಗೆ ದೊಡ್ಡ ಸ್ವರದ ಮರೆಯಲ್ಲಿ ಅಡಗಿಹೋಗುವ ಅಂಶಗಳನ್ನು ಬಿಟ್ಟುಬಿಟ್ಟರೆ ಕೇಳುವವನಿಗೆ ನಷ್ಟ ತಿಳಿಯುವುದೇ ಇಲ್ಲ. ಈ ವಿಧಾನಕ್ಕೆ 1995ರಲ್ಲಿ ಎಂಪಿ3 ಎಂಬ ಹೆಸರು ನಿಂತಿತು. 42 ಮೆಗಾಬೈಟಿನ ಹಾಡು ನಾಲ್ಕಕ್ಕಿಂತ ಕಡಮೆಗೆ ಇಳಿಯಿತು. ಇದನ್ನು ಒರೆಗೆ ಹಚ್ಚಲು ಆ ವಿಜ್ಞಾನಿಗಳು ಸುಜಾನ್ ವೇಗಾ ಎಂಬ ಗಾಯಕಿಯ ಪಕ್ಕವಾದ್ಯವಿಲ್ಲದ ಒಂದು ಹಾಡನ್ನು ಮತ್ತೆ ಮತ್ತೆ ಬಳಸಿದರು. ಮರೆಮಾಡಲು ಬೇರೆ ವಾದ್ಯವಿಲ್ಲದೆ ಒಂಟಿ ಕಂಠ ಮಾತ್ರ ಇದ್ದುದರಿಂದ ಅದೇ ಎಲ್ಲಕ್ಕಿಂತ ಕಠಿನವಾದ ಪರೀಕ್ಷೆಯಾಯಿತು.

ಕೇಳದೆ ತೆಗೆದುಕೊಂಡವರು

1999ರ ಜೂನ್ ತಿಂಗಳಲ್ಲಿ ಅಮೆರಿಕದ ಷಾನ್ ಫ್ಯಾನಿಂಗ್ ಎಂಬ 18 ವರ್ಷದ ತರುಣ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯನ್ನು ಹೊರಡಿಸಿದ. ಅದರ ಯಂತ್ರದಲ್ಲಿ ಹಾಡುಗಳೇ ಇರಲಿಲ್ಲ. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡು ಇದೆ ಎಂಬ ಪಟ್ಟಿ ಮಾತ್ರ ಅಲ್ಲಿತ್ತು. ಬೇಕಾದವರು ಇದ್ದವರಿಂದ ನೇರವಾಗಿ ತೆಗೆದುಕೊಳ್ಳುತ್ತಿದ್ದರು. ಕೋಟಿಗಟ್ಟಲೆ ಜನ ಸೇರಿದರು. ಧ್ವನಿಮುದ್ರಣ ಕಂಪೆನಿಗಳು ಅದೇ ವರ್ಷ ದಾವೆ ಹೂಡಿದುವು. 2001ರ ಜುಲೈ ತಿಂಗಳಲ್ಲಿ ಅದು ನಿಂತುಹೋಯಿತು. ಆದರೆ ಪಾಠ ಕಲಿತ ಇತರರು ಪಟ್ಟಿಯನ್ನೂ ಒಂದೆಡೆ ಇಡದಂತಹ ವ್ಯವಸ್ಥೆಗಳನ್ನು ಕಟ್ಟಿದರು. ಪೈರಸಿ ಎಂಬ ಮಾತು ವಿದ್ಯಾರ್ಥಿನಿಲಯಗಳನ್ನು ಮುಟ್ಟಿದುದು ಆಗಲೇ.

ಮೂಲ ಕಳೆದುಹೋಗದಿದ್ದ ಮೇಲೆ ಇದು ಕಳವು ಹೇಗಾದೀತು ಎಂದು ಕೇಳುವವರುಂಟು. ಪ್ರಶ್ನೆ ಅಲ್ಪವಾದುದಲ್ಲ. ಜೇಬಿನಿಂದ ಪರ್ಸು ಎಗರಿಸುವುದಕ್ಕೂ ಹಾಡಿನ ಪ್ರತಿ ತೆಗೆಯುವುದಕ್ಕೂ ಭೇದವಿಲ್ಲವೆಂದು ಸಾರುವ ಜಾಹೀರಾತುಗಳು ನಮಗೂ ಒಪ್ಪಿಗೆಯಾಗುವುದಿಲ್ಲ. ಆದರೆ ಹಾಡಿದವರಿಂದ ಎರಡು ವಸ್ತುಗಳು ಹೋಗುವುದು ನಿಶ್ಚಯ. ಒಂದು, ದುಡಿಮೆಯ ಫಲ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಶಾಸನಕ್ಕೆ ತಂದ ತಿದ್ದುಪಡಿಯಂತೆ, ಚಲನಚಿತ್ರ ಗೀತೆಯನ್ನು ಚಿತ್ರಮಂದಿರದ ಹೊರಗೆ ಬಳಸಿದಾಗ ಬರುವ ರಾಯಲ್ಟಿಯಲ್ಲಿ ಗೀತೆ ಬರೆದವರಿಗೂ ಸ್ವರ ಕೂಡಿಸಿದವರಿಗೂ ಸಮಪಾಲು ಸಲ್ಲಬೇಕು. ಅದನ್ನು ಅವರು ಬರೆದುಕೊಟ್ಟರೂ ಕಂಪೆನಿಗೆ ಸೇರುವುದಿಲ್ಲ. ಕಳ್ಳ ಪ್ರತಿಯಲ್ಲಿ ಈ ಪಾಲು ಹುಟ್ಟುವುದೇ ಇಲ್ಲ. ಎರಡನೆಯದು ನಮಗೆ ಇನ್ನೂ ದೊಡ್ಡದಾಗಿ ತೋರುತ್ತದೆ: ಕೊಡುವ ಸ್ವಾತಂತ್ರ್ಯ. ಕೇಳದೆ ತೆಗೆದುಕೊಂಡ ಮೇಲೆ ಕೊಡುವುದಕ್ಕೆ ಅವರಲ್ಲಿ ಏನು ಉಳಿಯಿತು?

ಕೇಳಿ ಪಡೆಯುವ ದಾರಿಗಳು ಇಲ್ಲವೆಂದಲ್ಲ. 2003ರಲ್ಲಿ ಆ್ಯಪಲ್ ಕಂಪೆನಿ ಒಂದೊಂದು ಹಾಡನ್ನು 99 ಸೆಂಟಿಗೆ ಮಾರತೊಡಗಿದಾಗ ಮೊದಲನೆಯ ವಾರದಲ್ಲಿಯೇ ಹತ್ತು ಲಕ್ಷ ಹಾಡುಗಳು ಮಾರಾಟವಾದುವು. ಪ್ರಾಮಾಣಿಕ ದಾರಿ ಸುಲಭವಾಗಿದ್ದರೆ ಜನ ಅದನ್ನೇ ಹಿಡಿಯುತ್ತಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಂದು ಚಂದಾ ಕಟ್ಟಿ ಅಥವಾ ಜಾಹೀರಾತು ಸಹಿಸಿಕೊಂಡು ಕೇಳುವ ಸೇವೆಗಳಿವೆ. 2008ರಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪಿನಲ್ಲಿ ಸಂಗೀತಗಾರನೇ ಬೆಲೆ ಕಟ್ಟುತ್ತಾನೆ. ಸೊನ್ನೆ ಎಂದು ಕಟ್ಟಿದರೂ ಆದೀತು. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ವಾದ್ಯವೃಂದದವರು 1984ರಲ್ಲಿಯೇ ತಮ್ಮ ಕಚೇರಿಗಳಲ್ಲಿ ಟೇಪು ಮಾಡಿಕೊಳ್ಳುವವರಿಗೆಂದು ಪ್ರತ್ಯೇಕ ಸ್ಥಳ ಬಿಟ್ಟುಕೊಟ್ಟರು. ಮಾರಬಾರದು, ಹಂಚಿಕೊಳ್ಳಬಹುದು ಎಂಬುದೊಂದೇ ನಿಯಮ. ಆ ಮುದ್ರಣಗಳಲ್ಲಿ ಸಾವಿರಾರು ಇಂದು ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿವೆ.

ಅಂಕಿತವುಳ್ಳ ದಾನ

ಇಲ್ಲಿ ಶಾಸನದ ಒಂದು ವಿಚಿತ್ರವನ್ನು ಗಮನಿಸಬೇಕು. ಹಾಡು ಮುದ್ರಿತವಾದ ಕ್ಷಣದಲ್ಲಿಯೇ ಕೃತಿಸ್ವಾಮ್ಯ ತಾನಾಗಿ ಹುಟ್ಟುತ್ತದೆ. ಅರ್ಜಿ ಬೇಡ, ನೋಂದಣಿ ಬೇಡ. ನೀವು ಅಡುಗೆಮನೆಯಲ್ಲಿ ಕುಳಿತು ಕೊಳಲು ನುಡಿಸಿ ಫೋನಿಗೆ ಹಿಡಿಸಿದರೂ ಅದರ ಹಕ್ಕುಗಳೆಲ್ಲ ನಿಮ್ಮವೇ. ನೀವು ಮೌನವಾಗಿದ್ದರೆ ಶಾಸನ ಆ ಮೌನವನ್ನು 'ಕೂಡದು' ಎಂದೇ ಓದುತ್ತದೆ. ಉಚಿತವಾಗಿ ಹಂಚಿದ ಮಾತ್ರಕ್ಕೆ ಇತರರು ಅದನ್ನು ಮರುಪ್ರತಿ ಮಾಡಬಹುದೆಂದಾಗಲಿ, ಶಾಲೆಯ ನಾಟಕಕ್ಕೆ ಬಳಸಬಹುದೆಂದಾಗಲಿ ಅರ್ಥವಾಗದು. ಹಂಚಬೇಕೆನ್ನುವವನು ಹಾಗೆಂದು ಬಾಯಿಬಿಟ್ಟು ಹೇಳಬೇಕು.

ಹೇಳುವ ಮಾತನ್ನು ಸಿದ್ಧಮಾಡಿಕೊಟ್ಟವರು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯವರು. ಲಾರೆನ್ಸ್ ಲೆಸಿಗ್ ಎಂಬ ಕಾನೂನು ಪ್ರಾಧ್ಯಾಪಕರೂ ಅವರ ಸಂಗಡಿಗರೂ 2001ರಲ್ಲಿ ಇದನ್ನು ಸ್ಥಾಪಿಸಿ 2002ರ ಡಿಸೆಂಬರಿನಲ್ಲಿ ಮೊದಲ ಅನುಮತಿಪತ್ರಗಳನ್ನು ಪ್ರಕಟಿಸಿದರು. ಎಲ್ಲಕ್ಕೂ ತಳಹದಿ, ಮಾಡಿದವರ ಹೆಸರನ್ನು ಹೇಳಬೇಕೆಂಬ ಷರತ್ತು. ಅದರ ಮೇಲೆ, ಬೇಕಾದರೆ, ಲಾಭಕ್ಕಾಗಿ ಬಳಸಕೂಡದು ಎನ್ನಬಹುದು, ಮಾರ್ಪಡಿಸಕೂಡದು ಎನ್ನಬಹುದು, ಅಥವಾ ಮಾರ್ಪಡಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕೆನ್ನಬಹುದು. ಇವುಗಳಲ್ಲಿ 'ಮಾರ್ಪಡಿಸಕೂಡದು' ಎಂಬುದನ್ನು ಹೊಸಬರು ಆತುರದಿಂದ ಹಾಕಿಬಿಡುತ್ತಾರೆ. ಚಲಿಸುವ ಚಿತ್ರದ ಹಿನ್ನೆಲೆಗೆ ಸಂಗೀತವನ್ನು ಜೋಡಿಸುವುದೂ ಇಲ್ಲಿ ಮಾರ್ಪಾಡೆಂದೇ ಗಣನೆ. ಗೆಳೆಯರ ಕಿರುಚಿತ್ರಕ್ಕೆ ನಿಮ್ಮ ಕೊಳಲು ಒದಗಲಿ ಎಂಬ ಆಸೆಯಿದ್ದರೆ ಈ ಷರತ್ತು ಬೇಡ. ಇನ್ನೊಂದು ಮಾತು: ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಯೋಚಿಸಿ ಕೊಡಬೇಕು.

ಹೆಸರು ಹೇಳಿ ಹಂಚು ಎಂಬ ನಿಯಮ ಪಶ್ಚಿಮದಿಂದ ಬಂದ ಹೊಸದೆಂದು ಭಾವಿಸಬೇಕಾಗಿಲ್ಲ. ದಾಸರ ಪದಗಳನ್ನು ನೋಡಿ. ಪುರಂದರದಾಸರ ಹಾಡನ್ನು ಯಾರು ಎಲ್ಲಿ ಬೇಕಾದರೂ ಹಾಡಬಹುದಾಗಿತ್ತು. ಕೊನೆಯಲ್ಲಿ ಪುರಂದರವಿಠಲನ ಅಂಕಿತ ಬಂದೇ ಬರುತ್ತಿತ್ತು. ವಚನಕಾರರದೂ ಅದೇ ಪದ್ಧತಿ. ಹೆಸರು ಹಾಡಿನ ಹೊರಗೆ ಅಂಟಿಸಿದ ಚೀಟಿಯಲ್ಲ, ಹಾಡಿನ ಅಂಗ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗ್ರಾಮೊಫೋನ್ ಕಂಪೆನಿಗಾಗಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದಾಗ, ಆಕೆ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯ ಹಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡು ಯಾವುದೆಂದು ತಿಳಿದು ಚೀಟಿ ಅಂಟಿಸಲು ಅದು ಬೇಕಾಗಿತ್ತು. ಇಂದಿನ ಎಂಪಿ3 ಕಡತದೊಳಗೂ ಹೆಸರು, ವರ್ಷ, ಅನುಮತಿಯ ವಿವರಗಳನ್ನು ಬರೆಯಲು ಸ್ಥಳ ಉಂಟು. ಮರೆಯದೆ ತುಂಬಬೇಕು. ಆದರೆ ಆ ಬರಹವನ್ನು ಅಳಿಸುವುದು ಸುಲಭ. ಅಂಕಿತವನ್ನು ಅಳಿಸಬೇಕಾದರೆ ಹಾಡನ್ನೇ ಮುರಿಯಬೇಕು.

ಯಾವುದು ನಮ್ಮದು?

ಮನೆಯಲ್ಲಿ ಹಾಡಿದ ಮಾತ್ರಕ್ಕೆ ಎಲ್ಲವೂ ನಮ್ಮದಾಗದು. ಒಂದು ಹಾಡಿನಲ್ಲಿ ಸಾಹಿತ್ಯ, ಸ್ವರಸಂಯೋಜನೆ, ಹಾಡುವಿಕೆ, ಮುದ್ರಣ ಎಂದು ಪದರಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಒಡೆಯರಿರಬಹುದು. ನಮ್ಮ ದೇಶದಲ್ಲಿ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಮರಣದ ವರ್ಷ ಕಳೆದ ಮೇಲೆ 60 ವರ್ಷ ಇರುತ್ತದೆ. ತ್ಯಾಗರಾಜರು (ಮರಣ 1847) ಯಾವ ಅಡ್ಡಿಯೂ ಇಲ್ಲದೆ ಎಲ್ಲರ ಸೊತ್ತು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ ಪ್ರಕಟವಾದ ಕೃತಿಗಳ ಹಕ್ಕು 2021ರ ಕೊನೆಗೆ ತೀರಿತು. ಅವರ ಖಮಾಚ್ ರಾಗದ 'ಬ್ರೋಚೇವಾರೆವರುರಾ' ಕೃತಿಯನ್ನು ಇಂದು ಯಾವ ವಿದ್ಯಾರ್ಥಿಯಾದರೂ ವೀಣೆಯಲ್ಲಿ ನುಡಿಸಿ ಲೋಕಕ್ಕೆ ಹಂಚಬಹುದು. ಬೇಂದ್ರೆಯವರು ತೀರಿಕೊಂಡುದು 1981ರಲ್ಲಿ, ಕುವೆಂಪು ಅವರು 1994ರಲ್ಲಿ. ಅವರ ಕವನಗಳನ್ನು ಹಾಡಿ ಪ್ರಕಟಿಸಬೇಕಾದರೆ ಕ್ರಮವಾಗಿ 2041, 2054ರವರೆಗೆ ಅನುಮತಿ ಬೇಕು.

ಎಚ್ಚರ ಬೇಕಾದುದು ಹಳೆಯ ಮಾತಿಗೆ ಹೊಸ ಧಾಟಿ ಕೂಡಿದಲ್ಲಿ. ಶಿಶುನಾಳ ಶರೀಫರು 1889ರಲ್ಲಿಯೇ ಕಾಲವಾದರು. ಅವರ ಪದಗಳು ಎಲ್ಲರವು. ಆದರೆ ನಮ್ಮ ಹುಡುಗರ ಬಾಯಲ್ಲಿ ನಿಂತಿರುವ ಧಾಟಿಗಳಲ್ಲಿ ಅನೇಕವು ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ನಿಧನರಾದುದು 2009ರಲ್ಲಿ. ಆ ಧಾಟಿಗಳ ಹಕ್ಕು 2069ರವರೆಗೂ ಇದೆ. ಪದ ಶರೀಫರದು, ಧಾಟಿ ನಿಮ್ಮದೇ ಅಥವಾ ಊರ ಹಿರಿಯರು ಭಜನೆಯಲ್ಲಿ ಹೇಳಿಕೊಂಡು ಬಂದದ್ದು ಎಂದಾದರೆ ತೊಂದರೆಯಿಲ್ಲ. ಮಾರುಕಟ್ಟೆಯ ಕರೋಕೆಯ ಮೇಲೆ ಹಾಡುವವರು ಆ ವಾದ್ಯಮುದ್ರಣಕ್ಕೂ ಒಡೆಯರಿದ್ದಾರೆಂಬುದನ್ನು ಮರೆಯಬಾರದು. ಜೊತೆಯಲ್ಲಿ ಮೃದಂಗ ನುಡಿಸಿದ ಗೆಳೆಯನಿಗೂ ಕಲಾವಿದನ ಹಕ್ಕುಂಟು. ಹಂಚುವ ಮೊದಲು ಅವನನ್ನು ಒಂದು ಮಾತು ಕೇಳುವುದು ನ್ಯಾಯ.

ಮುದ್ರಣದ ಕೆಲಸಕ್ಕೆ ದುಬಾರಿ ಸಲಕರಣೆ ಬೇಕೆಂದು ಹಿಂಜರಿಯಬೇಕಾಗಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ 2000ದಲ್ಲಿ ಪ್ರಕಟವಾದ ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಕಷ್ಟ ಕೊಡುವುದು ಕೋಣೆಯ ಗೋಡೆಗಳು. 1895ರಲ್ಲಿ ಹಾರ್ವರ್ಡಿನ ತರುಣ ಅಧ್ಯಾಪಕ ವಾಲೆಸ್ ಸಬೈನ್ ಮಾರ್ದನಿಯಿಂದ ಕೆಟ್ಟುಹೋಗಿದ್ದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸಲು ಹೊರಟು, ಇನ್ನೊಂದು ಸಭಾಭವನದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಎಷ್ಟು ಮೆತ್ತೆಗೆ ಮಾರ್ದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಬೆಳಗಾಗುವುದರೊಳಗೆ ಅವನ್ನು ಹಿಂದಕ್ಕೆ ಸೇರಿಸಬೇಕಾಗಿತ್ತು. ನಮ್ಮ ಮನೆಗಳಲ್ಲಿ ಕಂಬಳಿ, ರಜಾಯಿ, ಹಾಸಿಗೆಗಳೇ ಆ ಮೆತ್ತೆಗಳು. ಬಟ್ಟೆ ತುಂಬಿದ ಬೀರುವನ್ನು ತೆರೆದಿಟ್ಟು ಅದರ ಮುಂದೆ ಹಾಡಿದರೂ ಅರ್ಧ ಕೆಲಸವಾದಂತೆ. ಮೈಕನ್ನು ಬಾಯಿಯ ಹತ್ತಿರಕ್ಕೆ ತಂದಷ್ಟೂ ಒಳ್ಳೆಯದು. ದೂರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿ ಆರು ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಮಾರ್ದನಿಯಾದರೋ ಇದ್ದಷ್ಟೇ ಇರುತ್ತದೆ. ಏರುಧ್ವನಿಯಲ್ಲಿಯೂ ಅಳತೆಯ ಮುಳ್ಳು ತುದಿ ಮುಟ್ಟದಂತೆ ನೋಡಿಕೊಳ್ಳಬೇಕು. 65,536 ಮೆಟ್ಟಿಲುಗಳ ಆಚೆಗೆ ಹೋದ ಅಲೆಯ ತಲೆ ಕತ್ತರಿಸಿಹೋಗುತ್ತದೆ.

ಮೂಲವನ್ನು ಫ್ಲ್ಯಾಕ್ ಎಂಬ ರೂಪದಲ್ಲಿ ಇಡುವುದು ಲೇಸು. 2001ರಲ್ಲಿ ಬಂದ ಈ ವಿಧಾನ ಒಂದು ಬಿಟ್ಟನ್ನೂ ಬಿಡದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಪ್ರತಿ ಸವೆಯದೆಂದು ಮೇಲೆ ಹೇಳಿದೆವಷ್ಟೆ. ಒಂದು ತಿದ್ದುಪಡಿ ಬೇಕು. ಎಂಪಿ3 ಕಡತವನ್ನು ಇದ್ದಂತೆಯೇ ನಕಲಿಸಿದರೆ ಸವೆಯದು. ಬಿಚ್ಚಿ ಮತ್ತೆ ಎಂಪಿ3 ಮಾಡಿದರೆ ಪ್ರತಿಸಲವೂ ಇನ್ನಷ್ಟು ಅಂಶ ಹೋಗುತ್ತದೆ.

ಹಂಚಿದ ಮೇಲೆ ಬರುವ ಒಂದು ಪೀಡೆಯನ್ನೂ ಹೇಳಬೇಕು. ಜಾಲತಾಣಗಳು ಪೈರಸಿಯನ್ನು ಹಿಡಿಯಲು ಯಂತ್ರಗಳನ್ನು ಕಾವಲಿಗೆ ಇರಿಸಿವೆ. ಏವರಿ ವಾಂಗ್ 2003ರಲ್ಲಿ ವಿವರಿಸಿದ ಒಂದು ವಿಧಾನದಲ್ಲಿ, ಹಾಡಿನ ಪ್ರಬಲ ಸ್ವರಗಳನ್ನು ಮಾತ್ರ ಚುಕ್ಕಿಗಳಾಗಿ ಗುರುತಿಸಿ ನಕ್ಷತ್ರಪಟದಂತಹ ನಕ್ಷೆ ಮಾಡುತ್ತಾರೆ. ಎರಡು ಪಟಗಳು ಹೊಂದಿದರೆ ಹಾಡು ಒಂದೇ. ಕಾವಲಿನ ಯಂತ್ರಗಳಿಗೆ ಸ್ವರ ಗೊತ್ತು, ನ್ಯಾಯ ಗೊತ್ತಿಲ್ಲ. 2018ರಲ್ಲಿ ಪಿಯಾನೊ ವಾದಕ ಜೇಮ್ಸ್ ರೋಡ್ಸ್ ಮನೆಯಲ್ಲಿ ತಾವೇ ನುಡಿಸಿದ ಬಾಖ್ ಕೃತಿಯೊಂದನ್ನು ಹಾಕಿದಾಗ, ಅದರಲ್ಲಿ 47 ಸೆಕೆಂಡು ತಮ್ಮದೆಂದು ಒಂದು ದೊಡ್ಡ ಕಂಪೆನಿಯ ಹಕ್ಕುಸಾಧನೆ ಬಂದಿತು. ಬಾಖ್ ತೀರಿಕೊಂಡುದು 1750ರಲ್ಲಿ. ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಹಕ್ಕು ಹಿಂತೆಗೆಯಲ್ಪಟ್ಟಿತು. ಪುರಾತನ ಕೃತಿಗಳನ್ನು ನುಡಿಸುವ ನಮ್ಮ ವಿದ್ಯಾರ್ಥಿಗಳಿಗೂ ಇಂತಹ ನೋಟೀಸು ಬರಬಹುದು. ಹೆದರಿ ಹಾಡನ್ನು ಅಳಿಸಬೇಕಾಗಿಲ್ಲ. ಮೂಲ ಕಡತವನ್ನು ದಿನಾಂಕದೊಡನೆ ಕಾಪಾಡಿಕೊಂಡಿದ್ದು, ಕೃತಿಕಾರರ ಮರಣದ ವರ್ಷವನ್ನೂ ನುಡಿಸಿದವರು ತಾವೇ ಎಂಬುದನ್ನೂ ಬರೆದು ತಕರಾರು ಸಲ್ಲಿಸಬೇಕು.

ಬಾಖ್‌ನ ಮಾತು ಬಂದುದರಿಂದ ಇನ್ನೊಂದು ಪ್ರಸಂಗವನ್ನು ಹೇಳಬಹುದು. ಕಿಮಿಕೊ ಇಶಿಜಾಕಾ ಎಂಬ ವಾದಕಿ ಜನರಿಂದ ಸಂಗ್ರಹಿಸಿದ ಚಂದಾಹಣದಿಂದ ಬಾಖ್‌ನ ಗೋಲ್ಡ್‌ಬರ್ಗ್ ವೈವಿಧ್ಯಗಳನ್ನು ಬರ್ಲಿನ್ನಿನಲ್ಲಿ ಮುದ್ರಿಸಿ, 2012ರಲ್ಲಿ ಯಾವ ಷರತ್ತೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟರು. ತಿದ್ದಿ ಸಿದ್ಧಪಡಿಸಿದ ಸ್ವರಲಿಪಿಯನ್ನೂ ಹಾಗೆಯೇ ಕೊಡಲಾಯಿತು. ಅನಂತರ ಅದೇ ತಂಡದವರು ಬಾಖ್‌ನ ಇನ್ನೊಂದು ದೊಡ್ಡ ಗ್ರಂಥವನ್ನು ಕೈಗೆತ್ತಿಕೊಂಡಾಗ ಸ್ವರಲಿಪಿಯನ್ನು ಬ್ರೈಲ್ ಲಿಪಿಗೆ ತಿರುಗಿಸುವ ಕೆಲಸವನ್ನೂ ಸೇರಿಸಿಕೊಂಡರು. ಕಡತ ಅಂಕಿಗಳಲ್ಲಿತ್ತು, ಅನುಮತಿ ಅದರ ಜೊತೆಯಲ್ಲಿಯೇ ಇತ್ತು. ದೃಷ್ಟಿಯಿಲ್ಲದ ಪಿಯಾನೊ ವಾದಕರು ಆ ಚುಕ್ಕಿಗಳನ್ನು ಬೆರಳಿನಿಂದ ಓದಿ ನುಡಿಸಲು ಯಾರಿಗೂ ಅರ್ಜಿ ಬರೆಯಬೇಕಾಗಲಿಲ್ಲ.